ಎರೆಯ ಖರ್ಚು

ಬ್ಯಾಂಗರ್‌ನಿಂದ ಎರಡು ತಾಸು ಹಿಮದಲ್ಲಿ ಕಾರು ಓಡಿಸಿ
ಜೋನ್ಸ್‌ಪೋರ್ಟಿನ ಕ್ಲಿನಿಕ್ಕಿಗೆ ಹೋದೆ,
ನಲವತ್ತು ಸ್ಲೈಡುಗಳ ಜೊತೆ.
ಡಿಸೆಂಬರ್ ಹದಿನೈದಕ್ಕೆ ಇನ್ನು ನಾಲ್ಕೇ ದಿನ.
ಅಷ್ಟರೊಳಗೆ ಹೆಸರು ಬರೆಸಿದವರಿಗೆ
ವರ್ಷದ ಮೊದಲ ದಿನವೇ ವಿಮೆ;
ತಡವಾದರೆ ಫೆಬ್ರುವರಿ.

ಮೂವರು ನರ್ಸುಗಳು,
ಸೂಪಿನ ಡಬ್ಬಿ ತೊಡೆಯ ಮೇಲೆ.
ನಾನು ಹೇಳುತ್ತಾ ಹೋದೆ:
ಪರದೆಯನ್ನು ರೋಗಿಯ ಕಡೆಗೆ ತಿರುಗಿಸಿಡಿ.
ಮೌಸ್ ಅವರ ಕೈಯಲ್ಲೇ ಇರಲಿ.
ಯಾವ ಪ್ಲಾನ್ ಒಳ್ಳೆಯದೆಂದು ಕೇಳೇ ಕೇಳುತ್ತಾರೆ,
ನೀವು ಹೇಳಕೂಡದು.
ಇದು ಏಳನೆಯ ಸ್ಲೈಡು, ಕೆಂಪಕ್ಷರ.

ಡೆಲ್ಫೀನ್ ತಿಬೊಡೋ ಚಮಚ ಕೆಳಗಿಟ್ಟಳು.
"ಇಪ್ಪತ್ತಾರು ವರ್ಷದಿಂದ ಈ ಊರಿನ ರಕ್ತ ತೆಗೀತಿದ್ದೇನೆ.
ಯಾರ ನರ ಎಲ್ಲಿ ಅಡಗುತ್ತೆ, ಗೊತ್ತು.
ಇದೊಂದು ಮಾತ್ರ ಗೊತ್ತಿಲ್ಲದವಳ ಹಾಗೆ ಕೂರಬೇಕೆ?"
ಅದಕ್ಕೆ ನನ್ನ ಬಳಿ ಸ್ಲೈಡಿರಲಿಲ್ಲ.

ಎರಡು ಗಂಟೆಗೆ ಓರಿನ್ ಬೀಲ್ ಬಂದ.
ಬಲಗೈಗೆ ಬ್ಯಾಂಡೇಜು, ಮೈಗೆ ಡೀಸೆಲ್ ವಾಸನೆ.
ಒದ್ದೆ ಬೂಟು ಬಾಗಿಲಲ್ಲೇ ಬಿಟ್ಟು
ಕಾಲುಚೀಲದಲ್ಲಿ ನಡೆದು ಬಂದು ಕೂತ.
ಮೂಲೆಯಲ್ಲಿ ನಾನು, ಬರೀ ನೋಡುವವಳು.

ಮುಂದಿನ ವರ್ಷ ನಿಮ್ಮ ಆದಾಯವೆಷ್ಟು? ಕೇಳಿತು ಪರದೆ.
"ಲಾಬ್‌ಸ್ಟರನ್ನೇ ಕೇಳು," ನಕ್ಕ ಓರಿನ್.
ಡೆಲ್ಫೀನ್ ನಗಲಿಲ್ಲ.
ಹೋದ ವರ್ಷ ಎಷ್ಟು, ಅದರ ಹಿಂದೆ ಎಷ್ಟು,
ಡೀಸೆಲ್ಲಿಗೆ, ಹಗ್ಗಕ್ಕೆ, ದೋಣಿಯ ಹುಡುಗನಿಗೆ.
"ಕಡಿಮೆ ಬರೆದರೆ?"
"ಸಹಾಯಧನ ಜಾಸ್ತಿ. ತೆರಿಗೆಯ ಹೊತ್ತಿಗೆ ವಾಪಸ್ ಕೇಳ್ತಾರೆ.
ನಡುವೆ ದರ ಏರಿಳಿದರೆ ಫೋನು ಮಾಡು, ತಿದ್ದೋಣ."
ಅವನೊಂದು ಅಂಕಿ ಹೇಳಿದ.
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.
ಎರಡನೆಯದೇ ನಿಜವಿರಬೇಕು,
ದನಿ ಸಣ್ಣದಾಗಿತ್ತು.

ಡಿಡಕ್ಟಿಬಲ್ ಎಂಬ ಪದ ಬಂತು.
ನಾನು ಮುಂದೆ ಬಾಗಿದೆ:
ನನ್ನ ಹನ್ನೆರಡನೆಯ ಸ್ಲೈಡು, ಕೊಡೆಯ ಚಿತ್ರ.
ಅವಳೆಂದಳು, "ಎರೆಯ ಖರ್ಚು ಕಣೋ.
ಬೋನಿಗೆ ಹೆರಿಂಗ್ ತುಂಬೋದು ನಿನ್ನ ಜೇಬಿಂದ.
ಒಂದು ಗುರುತಿನ ತನಕ ಎಲ್ಲ ನಿನ್ನದೇ.
ಅದು ದಾಟಿದ ಮೇಲೆ
ಹಗ್ಗ ಎಳೆಯೋಕೆ ಇನ್ನೊಂದು ಕೈ ಸೇರುತ್ತೆ."
"ನೆಟ್‌ವರ್ಕ್ ಅಂದ್ರೆ?"
"ಯಾವ ಕಟ್ಟೆಗೆ ದೋಣಿ ಕಟ್ಟಬಹುದು ಅನ್ನೋದು.
ಇನ್ನೊಬ್ಬರ ಕಟ್ಟೆಗೆ ಕಟ್ಟಿದರೆ ಏನಾಗುತ್ತೆ, ಗೊತ್ತಲ್ಲ."
ಗೊತ್ತಿತ್ತು ಅವನಿಗೆ.
ನನ್ನ ಕೊಡೆ ಚೀಲದಲ್ಲೇ ಮಡಚಿಕೊಂಡಿತು.

ಮೂರು ಪ್ಲಾನುಗಳು ಪಕ್ಕಪಕ್ಕ ನಿಂತವು.
"ನೀನಾಗಿದ್ದರೆ ಯಾವುದು ತಗೋತಿದ್ದೆ, ಡೆಲ್?"

ಹೀಟರ್ ಒಮ್ಮೆ ಗುರುಗುಟ್ಟಿ ನಿಂತಿತು.
ಅವಳಿಗೇನು ಗೊತ್ತಿತ್ತೋ ನನಗೆ ಗೊತ್ತಿಲ್ಲ,
ಗೊತ್ತಾಗಲೂ ಕೂಡದು.
ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.
"ಅಕ್ಟೋಬರಲ್ಲಿ ಡಾಕ್ಟರು ಒಂದು ಚೀಟಿ ಕೊಟ್ಟರಲ್ಲ,
ಎಲ್ಲಿಗೆ ಹೋಗಬೇಕು ಅಂತ. ಎಲ್ಲಿದೆ ಅದು?"
ಪರ್ಸಿನೊಳಗಿತ್ತು, ನಾಲ್ಕು ಮಡಿಕೆ,
ಅವತ್ತಿಂದ ಬಿಚ್ಚಿದ ಹಾಗಿರಲಿಲ್ಲ.
"ಅದನ್ನೂ ಇದನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು.
ಅವಸರ ಇಲ್ಲ."
ತುಟಿ ಅಲ್ಲಾಡಿಸುತ್ತ ಓದಿದ.
ಹೊರಗೆ ಬೆಳಕು ಇಳಿಯತೊಡಗಿತು; ಇಲ್ಲಿ ಮೂರೂವರೆಗೇ ಸಂಜೆ.
ಎಡಗೈಯಿಂದ ಮೂರನೆಯದನ್ನು ಒತ್ತಿದ.

ಮೌಲ್ಯಮಾಪನದ ಹಾಳೆ ನನ್ನ ಮಂಡಿಯ ಮೇಲೆ.
ಏಳನೆಯ ಸಾಲು: ನಿಯಮ ಪಾಲಿಸಿದರೇ? ಹೌದು, ಇಲ್ಲ.
ಅದನ್ನು ಖಾಲಿ ಬಿಟ್ಟು ಬಂದಿದ್ದೇನೆ.

ಎಲ್ಲ ಉಳಿಸಿಡಲು ಕೊನೆಗೆ ಪಾಸ್‌ವರ್ಡ್ ಬೇಕಂತೆ.
"ನೀನೇ ಇಡು, ನನಗೆ ಹೇಳಬೇಡ," ಅಂದಳು.
ಅವನೋ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತ
ಅಕ್ಷರ ಅಕ್ಷರ ಬಾಯಿಬಿಟ್ಟು ಹೇಳಿದ, ಇಡೀ ಕೋಣೆಗೆ:
ಅಪ್ಪನ ದೋಣಿಯ ಹೆಸರು,
ಅದು ಮುಳುಗಿದ ಇಸವಿ,
ಕಡೆಗೊಂದು ಆಶ್ಚರ್ಯಸೂಚಕ.
ನಾವಿಬ್ಬರೂ ಕಿಟಕಿಯತ್ತ ತಿರುಗಿ ಕಿವುಡರಾದೆವು.
ಪರದೆಯಲ್ಲಿ ಹಸಿರು ಪಟ್ಟಿ ಅಂಚಿನವರೆಗೆ ತುಂಬಿ
ಬರೆದುಕೊಂಡಿತು:
ಬಲವಾಗಿದೆ.