ಲೆಕ್ಕದ ಪುಸ್ತಕದ ಹಿಂದಿನ ಹಾಳೆ

ನಿಮಿಷಕ್ಕೆ ನಲವತ್ನಾಲ್ಕು.
ಮೆಗ್ಗಾನಿನ ನರ್ಸು ಎರಡು ಸಲ ಎಣಿಸಿದಳು,
ಕೈಗಡಿಯಾರ ಬಿಚ್ಚಿ ಕಿವಿಗೆ ಹಿಡಿದಳು,
ತಪ್ಪು ಅದರದ್ದೇ ಇರಬೇಕೆಂದು.
‘ಮೊದಲು ಓಡ್ತಿದ್ರೇನ್ರೀ, ಸ್ಪೋರ್ಟ್ಸು ಗೀರ್ಟ್ಸು?’
ಓಡಿದ್ದು ಒಂದೇ ಸಲ,
ಬಾಪೂಜಿನಗರದ ತಿರುವಿನವರೆಗೆ,
ಯಾರದೋ ಹಿಟ್ಟಿನ ಡಬ್ಬಿ ಸೈಕಲ್ಲಿಗೇರಿಸಿಕೊಂಡು ಹೋದ
ಹುಡುಗನ ಹಿಂದೆ.

ಇಪ್ಪತ್ತಾರು ವರ್ಷದಿಂದ ಗಿರಣಿ ನನ್ನದು.
ಹತ್ತು ಎಚ್‌ಪಿ ಮೋಟಾರು, ಎರಡು ಕಲ್ಲು, ಒಂದು ಬೆಲ್ಟು.
ಬೆಲ್ಟು ಸಡಿಲಾದರೆ ನೋಡಬೇಕಿಲ್ಲ,
ಕೇಳಿದರೇ ತಿಳಿಯುತ್ತೆ:
ಉಂಗುಷ್ಠ ಹರಿದ ಚಪ್ಪಲಿಯಲ್ಲಿ
ಯಾರೋ ಅವಸರವಾಗಿ ನಡೆದ ಹಾಗೆ.
ಒಂದು ಚಿಟಿಕೆ ರಾಳದ ಪುಡಿ ಎರಚಿದರೆ
ಮತ್ತೆ ಕಚ್ಚಿಕೊಳ್ಳುತ್ತೆ.
ಡಾಕ್ಟರಿಗೂ ಅಷ್ಟೇ ಹೇಳಿದೆ,
‘ಒಳಗೆ ಬೆಲ್ಟು ಜಾರುತ್ತೆ ಸಾರ್.’
ಅವರು ಅದನ್ನ ಬರೆದುಕೊಳ್ಳಲಿಲ್ಲ.

ಎದೆಗೆ ತಂತಿ ಅಂಟಿಸಿ
ಸೋಪಿನ ಗಾತ್ರದ ಪೆಟ್ಟಿಗೆ ಸೊಂಟಕ್ಕೆ ಸಿಕ್ಕಿಸಿ
ಇಪ್ಪತ್ನಾಲ್ಕು ಗಂಟೆ ಇರಲಿ ಅಂದರು.
ಏನು ಮಾಡುವಾಗ ಬಡಿಯಿತು, ಬರೆದಿಡಿ ಅಂದರು.
ಬರೆಯೋಕೆ ನನ್ನ ಹತ್ತಿರ ಇದ್ದದ್ದು ಇದೇ ಪುಸ್ತಕ.

ಬೆ. 11-10. ನಾಗವೇಣಿ ಟೀಚರ್, ಗೋಧಿ ಐದು ಕೆ.ಜಿ. ಎದೆ ಸುಮ್ಮನಿದೆ.
ಮ. 1-30. ಕರೆಂಟು ಹೋಯ್ತು. ಕಲ್ಲು ಇನ್ನೂ ನಾಲ್ಕು ಸುತ್ತು
ಹಳೇ ನೆನಪಿನಲ್ಲಿ ತಿರುಗಿ ನಿಂತಿತು.
ನನ್ನದು ನಿಲ್ಲಲಿಲ್ಲ. ಜಾರಲೂ ಇಲ್ಲ.
ಸಂ. 4-00. ಖಾದರ್ ಸಾಬರು, ರಾಗಿ. ಬಾಕಿ ನಲವತ್ತು.
‘ಏನಮ್ಮಾ ಅದು ವೈರು?’ ರೇಡಿಯೋ ಅಂದೆ.
ಸಂ. 6-20. ಮಹಡಿ ಮೆಟ್ಟಿಲು, ಬೇಕಂತಲೇ, ಹನ್ನೆರಡು ಸಲ. ಊಹೂಂ.
ರಾ. 8-00. ನಾದಿನಿಗೆ ಫೋನ್ ಮಾಡಿ
ಬೀಗರೂಟದ ಹಳೇ ಜಗಳ ತೆಗೆದೆ.
ಅವಳಿಗೆ ಬಡಿದಿರಬೇಕು.

ತೂಕದ ಇನ್‌ಸ್ಪೆಕ್ಟರು ಬಂದ ದಿನ
ನನ್ನ ತಕ್ಕಡಿ ಎಷ್ಟು ಸಾಚಾ ಆಗುತ್ತೋ
ಅಷ್ಟೇ ಸಾಚಾ ಆಯಿತು ಎದೆ.

ಮಾರನೇ ದಿನ ಪೆಟ್ಟಿಗೆ ಒಪ್ಪಿಸಿದೆ.
‘ನಿಧಾನ, ಅಷ್ಟೇ. ಹೆದರಬೇಡಿ. ಕಾಫಿ ಕಮ್ಮಿ ಮಾಡಿ.’
ಸರಿ ಅಂತ ಎದ್ದು ನಿಂತರೆ
ಗೋಡೆ ಒಂದು ಗಳಿಗೆ ಹಿಟ್ಟಾಯಿತು,
ಆಮೇಲೆ ಮತ್ತೆ ಗೋಡೆ.

ಸಂಜೆ ಚಿಕ್ಕಮ್ಮನ ಮನೆಗೆ ಹೊರಟಿದ್ದೆ.
ಹೊಳೆ ಸೇತುವೆಯ ಮಧ್ಯೆ ಸಿಟಿ ಬಸ್ಸು ನಿಂತಿತು,
ಮುಂದೆ ಯಾವುದೋ ಲಾರಿ.
ಕೆಳಗೆ ತುಂಗೆಯಲ್ಲಿ ಬಂಡೆಗಳೇ ಜಾಸ್ತಿ.
ಆಗ, ಆಗಲೇ,
ಪಟಪಟ ಪಟ. ಪಟ. ಆಮೇಲೆ
ಏನೂ ಇಲ್ಲ.
ಕಿಟಕಿಯ ಸರಳು ಹಿಡಿದುಕೊಂಡೆ.
ಪಕ್ಕದ ಹುಡುಗಿ ಚುರುಮುರಿಯಲ್ಲಿ
ಕಡಲೇಬೀಜ ಹುಡುಕುತ್ತಿದ್ದಳು.
ಧೊಪ್.
ಮೂಟೆ ಇಳಿಸಿದ ಹಾಗೆ, ಶುರುವಾಯಿತು ಮತ್ತೆ.
ಬೇಕಾ ಅಂತ ಪೊಟ್ಟಣ ಚಾಚಿದಳು ಅವಳು.
ತಗೊಂಡೆ.

ಹಾಲೇಶನಿಗೆ ಎಡಗಿವಿ ಮಂದ, ಗಿರಣಿಯ ಕೃಪೆ.
ಬಲಗಿವಿಯನ್ನ ನನ್ನ ಬೆನ್ನಿಗಿಟ್ಟು ಮಲಗುತ್ತಾನೆ.
‘ಒಂದಕ್ಕೂ ಇನ್ನೊಂದಕ್ಕೂ ನಡುವೆ
ಒಂದು ಬೀಡಿ ಹಚ್ಚಬಹುದು ಕಣೇ.’
ನಗುತ್ತಾನೆ, ಆದರೆ ಕಿವಿ ತೆಗೆಯುವುದಿಲ್ಲ.
ಶಿವರಾತ್ರಿ ಆದ ವಾರದಲ್ಲಿ ಒಂದು ರಾತ್ರಿ
ಭುಜ ಹಿಡಿದು ಅಲ್ಲಾಡಿಸಿಬಿಟ್ಟ.
‘ಇದೀಯೇನೇ?’
‘ಇದೀನಿ, ಮಲಗು.’
ಅವತ್ತಿಂದ ನಿದ್ದೆಗೆ ಮುಂಚೆ
ಹೆಬ್ಬೆರಳಿಂದ ಅವನ ಪಾದ ಒಂದು ಸಲ ಒತ್ತುತ್ತೇನೆ.
ರಸೀದಿ ಕೊಟ್ಟ ಹಾಗೆ.

ಈಗ ತಂತಿ ಇಲ್ಲ, ಕೇಳುವವರಿಲ್ಲ.
ಆದರೂ ಕೈ ಪುಸ್ತಕಕ್ಕೆ ಹೋಗುತ್ತೆ:
ರಾ. 2-40. ಜಾರಿತು. ಕಚ್ಚಿಕೊಂಡಿತು.
ಖಾದರ್ ಸಾಬರ ಬಾಕಿ ಇನ್ನೂ ನಲವತ್ತು.
ರಾಳ ಮುಗಿದಿದೆ, ನಾಳೆ ಗಾಂಧಿಬಜಾರಿಂದ
ಕಾಲು ಕೆ.ಜಿ.