ರಾಟೆ

ಥರ್ಮಕೋಲ್ ಪೆಟ್ಟಿಗೆ ಬಿಚ್ಚಿದರೆ ಮಂಜಿನ ಹೊಗೆ,
ಹೊಗೆಯಡಿಗೆ ಇಪ್ಪತ್ತಮೂರು ಡಬ್ಬಿ.
ಹೆಸರಿಲ್ಲ. ನಂಬರು, ಊರು, ತಿಂಗಳ ಲೆಕ್ಕದ ವಯಸ್ಸು:
ಆಲಿಸ್ ಸ್ಪ್ರಿಂಗ್ಸ್, ಟೆನೆಂಟ್ ಕ್ರೀಕ್,
ಆಲಿಸ್, ಮತ್ತೆ ಆಲಿಸ್.
ಮೆಲ್ಬರ್ನಿನ ನಾಲ್ಕನೇ ಮಹಡಿಯಲ್ಲಿ
ಯಾರದೋ ಮಕ್ಕಳ ಹೇಲು ಕದಡಿ, ಸೋಸಿ
ನನ್ನ ಅನ್ನ.

ಭೇದಿಯೊಳಗೆ ಭೇದ ಹುಡುಕುವುದು ಕೆಲಸ.
ಬೆಳ್ಳಿ ಬಳಿದ ಜೆಲ್ಲಿನ ಮೇಲೆ ಹನ್ನೊಂದು ಗೆರೆ,
ಯಾರೋ ಇಳಿದುಹೋದ ಏಣಿಯ ಹಾಗೆ.
ಒಂದು ಮೆಟ್ಟಿಲು ಕೂದಲೆಳೆಯಷ್ಟು ಕೆಳಗಿದ್ದರೆ
ತಳಿ ಬೇರೆ. ಆ ದಿನ ಊಟ ತಡ.

ಲ್ಯಾಟಿನ್ನಿನಲ್ಲಿ ರೋಟಾ ಅಂದರೆ ಚಕ್ರ
ಅಂದಿದ್ದರು ಕೆಲಸಕ್ಕೆ ಸೇರಿದ ದಿನ.
ನನಗೆ ಕೇಳಿಸಿದ್ದು ರಾಟೆ.
ನೀರು ಸೇದುವುದೇ ಎರಡರ ಕಸುಬೂ;
ಇದು ಮಾತ್ರ ಹಗ್ಗ ಬಿಡುವುದು ಕೂಸಿನೊಳಗೆ.

ಮೇ ತಿಂಗಳಲ್ಲಿ ಆಲಿಸ್‌ಗೆ ಕಳಿಸಿದರು,
ಡಬ್ಬಿ ಮುಚ್ಚುವುದು ಹೇಗೆಂದು ನರ್ಸುಗಳಿಗೆ ಹೇಳಿಕೊಡಲು.
ಊರ ನಡುವೆ ಟಾಡ್ ನದಿ. ದಡ ಇದೆ, ಸೇತುವೆ ಇದೆ,
ಬೋಳು ತೊಗಟೆಯ ದೊಡ್ಡ ಮರಗಳಿವೆ,
ನೀರಿಲ್ಲ. ಹುಡುಗರು ಪಾತ್ರದಲ್ಲಿ ಚೆಂಡಾಡುತ್ತಿದ್ದರು.

ವಾರ್ಡಿನಲ್ಲಿ ಒಂದು ನಂಬರಿಗೆ ಮುಖವಿತ್ತು.
ಹನ್ನೊಂದು ತಿಂಗಳು. ಗುಳಿಬಿದ್ದ ಕಣ್ಣು, ಒಣ ಅಳು,
ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ
ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು.
ಅಜ್ಜಿ ನೊರೀನ್ ಗಡಿಯಾರ ನೋಡಿಕೊಂಡು
ಐದು ನಿಮಿಷಕ್ಕೊಂದು ಚಮಚ ಉಪ್ಪುಸಕ್ಕರೆ ನೀರು.
ನನ್ನ ಎದೆಯ ಬಿಲ್ಲೆ ಓದಿ ಕೇಳಿದಳು,
ಮದುವೆಮನೆಯಲ್ಲಿ ಹೊಸಬರನ್ನು ವಿಚಾರಿಸುವ ದನಿಯಲ್ಲಿ:
"ಇದು ಯಾರ ಕಡೇದು?"

ಈಗ ಊರಲ್ಲಿ ತಿರುಗುತ್ತಿರುವುದು, ಅಂದೆ,
ಉಳಿದೆಲ್ಲ ಮನುಷ್ಯರದೇ; ಒಂದು ಎಳೆ ಕುದುರೆ ಕಡೆಯದು.
ನಕ್ಕಳು. "ನಮ್ಮಪ್ಪನೂ ಹಾಗೇ ಬಿಡು.
ಮನೆಗಿಂತ ಕುದುರೆ ಬೆನ್ನ ಮೇಲೇ ಜಾಸ್ತಿ ಇದ್ದೋನು."
ನಗುತ್ತಲೇ ಚಮಚ ತುಂಬಿದಳು.
ಆಮೇಲೆ, ಮೆಲ್ಲಗೆ:
"ಲಸಿಕೆ ಹಾಕಿಸಿದ್ವಲ್ಲ, ಎರಡು ಸಲ."
ಲಸಿಕೆಗೆ ನಾವು ತೋರಿಸಿದ್ದು ಬೇರೆ ಮುಖ
ಎನ್ನಲು ಬಾಯಿ ಬರಲಿಲ್ಲ,
ಹಾಕಿಸದಿದ್ದರೆ ಏನಾಗುತ್ತಿತ್ತು ಎನ್ನಲೂ.

ಮೂರನೆಯ ರಾತ್ರಿ ನರ್ಸು ಡೈಪರ್ ತೂಗಿದಳು.
ನಲವತ್ತು ಗ್ರಾಂ.
"ಉಚ್ಚೆ ಹೊಯ್ದ!" ನೊರೀನಳ ಕೂಗಿಗೆ
ಆಗಷ್ಟೇ ಕಣ್ಣು ಮುಚ್ಚಿದ್ದ ವಾರ್ಡೆಲ್ಲ ಎದ್ದು ಕೂತು ಅತ್ತಿತು,
ಒಂದೆರಡು ಮಕ್ಕಳು ಕಣ್ಣೀರು ಬರುವ ಹಾಗೆ.

ವಾರದ ಮೇಲೆ ಅವನ ಡಬ್ಬಿ ನನ್ನ ಮೇಜಿಗೆ ಬಂತು.
ಉಚ್ಚೆಗೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.
ಹದಿನೇಳು. ಗಂಡು. ಆಲಿಸ್ ಸ್ಪ್ರಿಂಗ್ಸ್.
ಜಿ ಮೂರು, ಪಿ ಎಂಟು.
ಷರಾ: ಕುದುರೆ ಕಡೆ.