ಇವತ್ತಿನದು

ಈ ಸಲದ ಪೇಪರಿನ ಹೆಸರು ಕೇಳಿದಳು ಆಯಿ
ಬುಟ್ಟಿ ಇಳಿಸಿ, ಸಿಂಬಿ ತೆಗೆದು, ಕತ್ತು ತಿರುವಿಕೊಳ್ಳುತ್ತ.
ಸಮಕಾಲೀನ ನೈತಿಕ ಜಿಜ್ಞಾಸೆಗಳು, ಎಂದೆ.
ಸಮಕಾಲೀನ ಅಂದ್ರೆ?
ಇವತ್ತಿನದು ಅಂತ.
ನಕ್ಕಳು. ಐಸು ಹಾಕಿದ್ದೋ, ಹಾಕದ್ದೋ?

ಹನ್ನೊಂದನೇ ಕೊಠಡಿಯ ಕಿಟಕಿಗೆ ಕಾಳಿ ಕಾಣುತ್ತದೆ,
ಸೇತುವೆಯ ಮೇಲೆ ಗೋವೆಗೆ ಹೋಗುವ ಲಾರಿಗಳು.
ಪಾವಸ್ಕರ ಮೇಡಂ ಬೋರ್ಡಿನ ಮೇಲೊಂದು ಬಾಗಿಲು ಬರೆದರು.
ಒಳಗೆ ನಿಮ್ಮ ಗೆಳೆಯ. ಹೊರಗೆ, ಅವನನ್ನು ಕೊಲ್ಲಲು ಬಂದವನು.
ಇದ್ದಾನಾ ಎಂದು ಕೇಳುತ್ತಾನೆ. ಏನನ್ನುತ್ತೀರಿ?
ಆಗಲೂ ಸುಳ್ಳು ಕೂಡದೆಂದವರು ಇದ್ದಾರಂತೆ.
ಬೆಂಚುಗಳು ಎರಡು ಪಕ್ಷವಾದವು, ಗಂಟೆ ಹೊಡೆದರೂ ಏಳಲಿಲ್ಲ ಯಾರೂ.

ನಮ್ಮ ಬಾಗಿಲಿಗೆ ಕೊಲೆಗಾರರು ಬಂದಿಲ್ಲ ಮೇಡಂ.
ಬರುವವರು ಕಿವಿರೆತ್ತಿ ನೋಡುತ್ತಾರೆ,
ಹೊಟ್ಟೆ ಒತ್ತಿ ನೋಡುತ್ತಾರೆ,
ಇವತ್ತಿನದಾ? ಎನ್ನುತ್ತಾರೆ.
ಇದನ್ನು ಹೇಳಲಿಲ್ಲ. ನೋಟ್ಸು ಬರೆದುಕೊಂಡೆ.

ಮರುವಾರ, ಮೀನಿಗೆ ನೋವಾಗುತ್ತದೆಯೇ ಎಂಬ ಮಾತು ಬಂದಾಗ
ಶಿರಸಿ ಕಡೆಯ ಸುಧನ್ವ ನನ್ನತ್ತ ತಿರುಗಿದ
ಸಾಕ್ಷಿಯನ್ನು ಕೂಗುವ ವಕೀಲನ ಹಾಗೆ.
ಒಳ್ಳೆಯ ಹುಡುಗ. ಬಸ್ಸಿನಲ್ಲಿ ನನ್ನ ಪಕ್ಕ ಕೂತು
ಕಿಟಕಿ ತೆರೆಯದವನು ಅವನೊಬ್ಬನೇ.
ಬೈತಖೋಲದಲ್ಲಿ ಬಲೆ ಬಿಚ್ಚುವಾಗಿನ ಸಪ್ಪಳ
ಚಪ್ಪಾಳೆಯ ಹಾಗಿರುತ್ತದೆ, ಎಂದೆ. ಅಷ್ಟೇ ಗೊತ್ತು ನನಗೆ.
ಅದನ್ನೂ ಬರೆದುಕೊಂಡ.

ಶನಿವಾರ ಆಯಿಗೆ ಜ್ವರ. ಬುಟ್ಟಿಯ ಹಿಂದೆ ನಾನು.
ಬಾಂಗಡೆ, ನಿನ್ನೆಯದು, ಐಸು ಕರಗಿ
ಕಣ್ಣು ಸ್ವಲ್ಪ ಮಬ್ಬು. ತಿನ್ನಲು ತೊಂದರೆಯಿಲ್ಲ.
ನೇವಿಯವರ ಹೆಂಡತಿ ಇರಬೇಕು, ಉತ್ತರದ ಕಡೆಯವಳು,
ಹೊಸ ಚೀಲ, ಹೊಸ ಊರು.
ಆಜ್ ಕಾ ಹೈ? ಎಂದಳು.
ಕಿವಿರು ಎತ್ತಲು ಗೊತ್ತಿಲ್ಲ ಅವಳಿಗೆ.
ನನ್ನ ಮುಖ ನೋಡಿದಳು.

ಮೂರು ಸಿದ್ಧಾಂತ ಓದಿದ್ದೆ, ಪರೀಕ್ಷೆಗೆ ಬರುವ ಹಾಗೆ.
ಒಂದೂ ಬರಲಿಲ್ಲ.
ಕಲ್ ಕಾ, ಎಂದೆ.
ಥ್ಯಾಂಕ್ಸ್ ಹೇಳಿ ಪಕ್ಕದ ಚಂಪಕ್ಕನ ಹತ್ತಿರ ಹೋದಳು,
ಅದೇ ದೋಣಿಯ, ಅದೇ ಐಸಿನ, ಅದೇ ನಿನ್ನೆಯ ಬಾಂಗಡೆ
ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಒಯ್ದಳು.
ಚಂಪಕ್ಕ ನನ್ನ ಕಡೆ ನೋಡದೆ ನೀರು ಚಿಮುಕಿಸಿದಳು
ತನ್ನ ಮೀನಿಗೆ. ಆಮೇಲೆ ನನ್ನ ಮೀನಿಗೂ.

ರಾತ್ರಿ ಕಂಬಳಿಯೊಳಗಿಂದಲೇ ದುಡ್ಡೆಣಿಸಿದಳು ಆಯಿ.
ಬುಟ್ಟಿಗೆ ಬಂದದ್ದು ಇವತ್ತೇ ಅಲ್ವನೇ? ಎಂದಳು.
ಬಸುರಿಯರು ಬಂದ್ರೆ ನಾನೂ ಹೇಳ್ತೆ, ತಗೋಬೇಡ ಅಂತ.
ಮಕ್ಕಳ ಕೈಲಿ ದುಡ್ಡು ಕೊಟ್ಟು ಕಳಿಸಿದ್ರೂ ಹೇಳ್ತೆ.
ಕಾರು ನಿಲ್ಲಿಸಿ ಹತ್ತು ರೂಪಾಯಿಗೆ ಜಗಳ ಆಡುವವರಿಗೆ
ಎಲ್ಲಾ ಇವತ್ತಿನದೇ.
ಇವಳು ಮೀನು ನೋಡಿದ್ಳಾ, ಮುಖ ನೋಡಿದ್ಳಾ?
ಮುಖ, ಎಂದೆ.
ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಬಂತೆಂದುಕೊಂಡೆ.
ಮುಖ ನೋಡಿ ತಗೊಳ್ಳುವವರದ್ದೇ ಕಷ್ಟ, ಎಂದಳು.

ಇದನ್ನೇ ಬರೆದುಕೊಟ್ಟೆ, ನಾಲ್ಕು ಪುಟ.
ಅಂಚಿನಲ್ಲಿ ಕೆಂಪು ಶಾಯಿ:
ಉದಾಹರಣೆ ಚೆನ್ನಾಗಿದೆ. ನಿಮ್ಮ ನಿಲುವು?
ನಿಲುವು ಹುಡುಕುತ್ತ ಪರೀಕ್ಷೆಯ ಶುಲ್ಕ ಕಟ್ಟಲು ಹೋದೆ.
ಗುಮಾಸ್ತ ನೋಟುಗಳ ಮೂಲೆ ಹಿಡಿದು ಎಣಿಸಿದ.
ಅದರಲ್ಲಿ ಎಷ್ಟು ಇವತ್ತಿನದೇಗಳು ಇದ್ದವೋ,
ಎಷ್ಟು ಬಸುರಿಯರು ಬರಿಗೈಲಿ ಮನೆಗೆ ಹೋಗಿದ್ದರೋ,
ರಸೀದಿಯಲ್ಲಿ ಒಟ್ಟು ಮೊತ್ತ ಮಾತ್ರ ಇತ್ತು.

ಮಾರದೆ ಉಳಿದ ಬಾಂಗಡೆ ಮಾಡಿನ ಮೇಲೆ ಒಣಗುತ್ತಿದೆ.
ಕಾಗೆ ಅಟ್ಟುತ್ತ ಓದುತ್ತಿದ್ದೇನೆ, ಕೊನೆಯ ಅಧ್ಯಾಯ.
ಉಪ್ಪು ಹಾಕಿದ ಮೇಲೆ
ಯಾವತ್ತಿನದೆಂದು ಯಾರೂ ಕೇಳುವುದಿಲ್ಲ.